ಅಕ್ಕ ಗೈರು

ಕೆಲಸಕ್ಕೆ ಸೇರಿದ ದಿನ ಕಚೇರಿಯಲ್ಲಿ ನನ್ನ ಕೈಗೆ ಎರಡು ಸಾಮಾನು ಕೊಟ್ಟರು. ಒಂದು ಬ್ಯಾನರ್, ಇನ್ನೊಂದು ಹಾಜರಿ ಪುಸ್ತಕ. ಬ್ಯಾನರ್ ಆರಡಿ ಉದ್ದ ಇತ್ತು. ನಾಲ್ಕು ಮೂಲೆಗೂ ದಾರ ಕಟ್ಟಿ ರೆಡಿ ಮಾಡಿದ್ದರು. "ಎಲ್ಲಿ ಮೀಟಿಂಗ್ ಮಾಡಿದರೂ ಇದು ಹಿಂದೆ ಇರಬೇಕು. ಫೋಟೋದಲ್ಲಿ ಅಕ್ಷರ ಪೂರ್ತಿ ಬರಬೇಕು" ಅಂದರು. ಕೆಲಸ ಏನು ಅಂತ ಹೇಳಿದ್ದು ಆಮೇಲೆ.

2023ರ ಜೂನ್ ಅದು. ನಾನು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಮುಗಿಸಿ ಮನೆಯಲ್ಲಿ ಕೂತಿದ್ದೆ. ಹಾಸನದಲ್ಲೇ ಇರುವ ಒಂದು ಚಿಕ್ಕ ಸ್ವಯಂಸೇವಾ ಸಂಸ್ಥೆಯಲ್ಲಿ ಯುವಜನ ಸಂಯೋಜಕಿ ಅಂತ ಕೆಲಸ ಸಿಕ್ಕಿತು. ಆಲೂರು ತಾಲ್ಲೂಕಿನಲ್ಲಿ ಆರು ಊರು ನನ್ನ ಪಾಲಿಗೆ. ಪ್ರತಿ ಊರಲ್ಲೂ 15ರಿಂದ 29 ವಯಸ್ಸಿನವರನ್ನು ಸೇರಿಸಬೇಕು, ವಾರಕ್ಕೊಮ್ಮೆ ಕೂರಬೇಕು. ವಿದ್ಯಾರ್ಥಿವೇತನ, ತರಬೇತಿ, ಮತದಾರರ ಪಟ್ಟಿ, ಪಂಚಾಯಿತಿ ಗ್ರಂಥಾಲಯ, ಹೀಗೆ ಅವರಿಗೆ ಬೇಕಾದ ಕಡೆಗೆ ದಾರಿ ತೋರಿಸಬೇಕು. ಈ 15ರಿಂದ 29 ಅನ್ನೋ ಲೆಕ್ಕ 2014ರ ರಾಷ್ಟ್ರೀಯ ಯುವ ನೀತಿಯದು. ಊರಲ್ಲಿ ಈ ಲೆಕ್ಕ ನಡೆಯಲ್ಲ ಅಂತ ಮೊದಲ ತಿಂಗಳಲ್ಲೇ ಗೊತ್ತಾಯಿತು. ನಾನು ಮಾತಾಡಿಸಿದ ಮೊದಲ 'ಯುವಕ ಮಂಡಲದ ಅಧ್ಯಕ್ಷರಿಗೆ' 47 ವರ್ಷ. ಮಗಳ ಮದುವೆ ಕಾರ್ಡ್ ಹಂಚುತ್ತಿದ್ದರು. ನನಗೂ ಒಂದು ಕೊಟ್ಟರು.

ಆರು ಊರಿನ ಕಥೆಯನ್ನೂ ಹೇಳುವುದಿಲ್ಲ. ಒಂದೇ ಊರಿನದು ಹೇಳುತ್ತೇನೆ. ಅದು ಕೆ. ಹೊಸಕೋಟೆ ಕಡೆಗೆ ಬರುತ್ತೆ. ಹೆಸರು ಬೇಡ ಬಿಡಿ, ಯಾಕೆ ಅಂತ ಓದುತ್ತಾ ಗೊತ್ತಾಗುತ್ತೆ.

ಹಾಸನದಿಂದ ಆಲೂರಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಸುಮಾರು ಎರಡು ಕಿಲೋಮೀಟರ್ ನಡಿಗೆ. ಆ ಜೂನ್ 11ಕ್ಕೇ ಶಕ್ತಿ ಯೋಜನೆ ಶುರುವಾಗಿದ್ದರಿಂದ ಬಸ್ಸಿನ ಖರ್ಚು ಉಳಿಯಿತು. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಕೂರುತ್ತಿದ್ದೆ. ನನ್ನ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ದಾರಿಯ ಎರಡೂ ಬದಿ ಶುಂಠಿ, ಜೋಳ, ಒಳಗೆ ಹೋದ ಹಾಗೆ ಕಾಫಿ. ಆ ವರ್ಷ ಮಳೆ ಕೈಕೊಟ್ಟಿತ್ತು. ಜುಲೈನಲ್ಲೂ ರಸ್ತೆಯಲ್ಲಿ ಧೂಳು.

ಮೊದಮೊದಲು ನಾನು ಬೆಳಗ್ಗೆ ಹನ್ನೊಂದಕ್ಕೆ ಹೋಗುತ್ತಿದ್ದೆ. ಆಫೀಸ್ ಟೈಮು ಅಲ್ವಾ! ಊರಲ್ಲಿ ಇರುತ್ತಿದ್ದದ್ದು ಅಜ್ಜಿಯಂದಿರು ಮತ್ತು ನಾಯಿಗಳು. ಮೂರು ಸಲ ಹೀಗೆ ಹೋಗಿ ಬಂದ ಮೇಲೆ ಅಂಗನವಾಡಿ ಟೀಚರ್ ನಗಾಡಿದರು. "ಡೈರಿ ಹೊತ್ತಿಗೆ ಬನ್ನಿ ಮೇಡಂ. ಊರೆಲ್ಲಾ ಅಲ್ಲೇ ಸಿಗುತ್ತೆ."

ಹಾಸನ ಜಿಲ್ಲೆಯ ಹಳ್ಳಿ ನೋಡಿದವರಿಗೆ ಇದು ಗೊತ್ತೇ ಇರುತ್ತೆ. ಹಾಲಿನ ಡೈರಿ ಬೆಳಗ್ಗೆ ಆರಕ್ಕೆ ಒಂದ್ಸಲ, ಸಂಜೆ ಆರಕ್ಕೆ ಒಂದ್ಸಲ ತೆಗೆಯುತ್ತೆ. ಕ್ಯಾನು ಹಿಡಿದು ಎಲ್ಲರೂ ಸಾಲಿನಲ್ಲಿ ನಿಲ್ಲಬೇಕು. ಫ್ಯಾಟು ಎಷ್ಟು ಬಂತು ಅಂತ ಮೆಷಿನ್ ಹೇಳೋವರೆಗೆ ಯಾರೂ ಕದಲಲ್ಲ. ಮಾತಾಡೋಕೆ ಅಷ್ಟು ಹೊತ್ತು ಸಿಗುತ್ತೆ. ನಾನು ಹಿಂದಿನ ರಾತ್ರಿ ಆಲೂರಿನಲ್ಲಿ ಸ್ನೇಹಿತೆ ಮನೆಯಲ್ಲಿ ಉಳಿದು, ಬೆಳಗ್ಗೆ ಹಾಲಿನ ವ್ಯಾನು ಬರುವ ಮುಂಚೆ ಹೋಗಿ ನಿಂತೆ. ಸಾಲಿನಲ್ಲಿದ್ದ ತಾತ ಒಬ್ಬರು ಮೇಲಿಂದ ಕೆಳಗೆ ನೋಡಿದರು.

"ಯಾರ ಮನೆಗೆ ಬಂದ್ರವ್ವ?"

"ಯುವಕರು, ಯುವತಿಯರ ಸಂಘ ಮಾಡೋಕೆ ಬಂದಿದ್ದೀನಿ ತಾತ."

"ಸಾಲ ಕೊಡೋ ಸಂಘವಾ?"

"ಇಲ್ಲ ತಾತ, ಸಾಲ ಇಲ್ಲ."

"ಹಂಗಾದ್ರೆ ಇನ್ಯಾಕವ್ವ ಸಂಘ?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಉತ್ತರ ನನ್ನ ಹತ್ತಿರ ಇರಲಿಲ್ಲ. ತರಬೇತಿಯಲ್ಲಿ 'ಸಬಲೀಕರಣ' ಅಂತ ಹೇಳಿಕೊಟ್ಟಿದ್ದರು. ಅದನ್ನು ಕ್ಯಾನು ಹಿಡಿದು ನಿಂತ ಮನುಷ್ಯನಿಗೆ ಹೇಳೋದು ಹೇಗೆ?

ಆ ಊರಲ್ಲಿ ಹಿಂದೆ ಒಂದು ಯುವಕ ಮಂಡಲ ಇತ್ತು. ಅರಳಿಕಟ್ಟೆ ಪಕ್ಕ ಒಂದು ಹೆಂಚಿನ ಕೋಣೆ. ಬಾಗಿಲ ಮೇಲೆ ತುಕ್ಕು ಹಿಡಿದ ಬೋರ್ಡು, ಅದರಲ್ಲಿ ನೋಂದಣಿ ನಂಬರು ಅರ್ಧ ಕಾಣುತ್ತಿತ್ತು. ನೆಹರು ಯುವ ಕೇಂದ್ರಗಳು 1972ರಲ್ಲಿ ಶುರುವಾದವು. ಅದಾದ ಮೇಲಿನ ವರ್ಷಗಳಲ್ಲಿ ನಮ್ಮ ಕಡೆ ಊರೂರಿಗೆ ಇಂಥ ಮಂಡಲಗಳು ಎದ್ದವು ಅಂತ ಹಿರಿಯರು ಹೇಳುತ್ತಾರೆ. ಇವರೂ ವಾಲಿಬಾಲ್ ಆಡಿದ್ದಾರೆ, ಪೌರಾಣಿಕ ನಾಟಕ ಆಡಿದ್ದಾರೆ, ಕೆರೆ ಏರಿ ರಿಪೇರಿ ಮಾಡಿದ್ದಾರೆ. ಈಗ ಆ ಕೋಣೆಯಲ್ಲಿ ಯಾರದೋ ಶುಂಠಿ ಚೀಲ, ಒಂದು ಮುರಿದ ಸ್ಪ್ರೇಯರ್. ಅಧ್ಯಕ್ಷರು ಬೀಗ ತೆಗೆದು ತೋರಿಸುವಾಗ ಚೀಲಗಳನ್ನು ಕಾಲಿನಲ್ಲಿ ಪಕ್ಕಕ್ಕೆ ತಳ್ಳಿ, "ಇಲ್ಲೇ ಮಾಡಿ ಮೇಡಂ, ನಿಮ್ಮದೇ ಅಂತ ತಿಳ್ಕೊಳಿ" ಅಂದರು.

ಮೊದಲ ಸಭೆ ಅಲ್ಲೇ ಆಯಿತು. ನಾಲ್ಕು ಹುಡುಗರು ಬಂದರು. ನೆಟ್ ಬೇಕು, ಬಾಲ್ ಬೇಕು, ಗಣಪತಿಗೆ ಲೈಟಿಂಗ್ ಬೇಕು ಅಂದರು. ಒಬ್ಬ ಮಾತ್ರ "ಮೊದಲು ರಿಜಿಸ್ಟರ್ ಮಾಡ್ಸೋಣ ಅಕ್ಕ, ಆಮೇಲೆ ಗ್ರಾಂಟ್ ಬರುತ್ತೆ" ಅಂದ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದು. ಅದರ ಪ್ರಕಾರ ಕಡಿಮೆ ಅಂದ್ರೂ ಏಳು ಜನ ಬೇಕು, ನಿಯಮಾವಳಿ ಬರೆಯಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಇದೆಲ್ಲ ಹೇಳಿದೆ. "ಏಳು ಜನ ಸೈನ್ ಹಾಕ್ತಾರೆ ಬಿಡಿ" ಅಂದ. ಏಳು ಸೈನು ಸಿಗುತ್ತಿತ್ತು, ಅನುಮಾನ ಇಲ್ಲ. ಏಳು ಜನ ಸಿಗುವುದು ಕಷ್ಟವಿತ್ತು.

ಈ ಸೈನಿನ ವಿಷಯದಲ್ಲಿ ನಾನು ಯಾರಿಗೂ ಬೆರಳು ತೋರಿಸುವ ಹಾಗಿಲ್ಲ. ಬೇರೊಂದು ಊರಲ್ಲಿ ಒಂಬತ್ತು ಜನ ಬಂದ ಸಭೆಗೆ ನಾನು 31 ಸಹಿ ತಗೊಂಡಿದ್ದೇನೆ. ಹಾಜರಿ ಪುಸ್ತಕವನ್ನು ಅಂಗಡಿಯಲ್ಲಿ ಇಟ್ಟು, ಬಂದು ಹೋಗುವವರ ಕೈಯಲ್ಲಿ ಹಾಕಿಸಿದ್ದು. ಬೀಡಿ ಕಟ್ಟು ತಗೊಳ್ಳೋಕೆ ಬಂದವರೂ ಯುವಜನರಾದರು. ಮೂರು ತಿಂಗಳಿಗೊಮ್ಮೆ ಕಚೇರಿಯಲ್ಲಿ ಲೆಕ್ಕ ಕೇಳುವಾಗ ಎಷ್ಟು ಜನ ಅಂತ ಕೇಳುತ್ತಾರೆ. ಅದೇ ಒಂಬತ್ತು ಜನ ಎಷ್ಟು ಸಲ ಬಂದರು ಅಂತ ಕೇಳೋ ಕಾಲಂ ಆ ಫಾರಂನಲ್ಲಿ ಇಲ್ಲ. ಇದು ನೆಪ ಅಂತ ಗೊತ್ತು. ಆಗ ನೆಪ ಅನ್ನಿಸಿರಲಿಲ್ಲ, ಅಷ್ಟೇ.

ಹುಡುಗಿಯರು ಯಾಕೆ ಬರಲಿಲ್ಲ ಅಂತ ಕೇಳೋಕೆ ಮನೆ ಮನೆಗೆ ಹೋದೆ. ಕಾರಣ ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಅರಳಿಕಟ್ಟೆ ಮೇಲೆ ಸಂಜೆ ಗಂಡಸರು ಕೂರುತ್ತಾರೆ. ಅವರ ಮುಂದೆ ಹಾದು ಮಂಡಲದ ಕೋಣೆಗೆ ಯಾವ ಹುಡುಗಿ ಬರುತ್ತಾಳೆ? ಹೆಡ್‌ಮಾಸ್ಟರನ್ನು ಕೇಳಿಕೊಂಡೆ. ಊರ ಆ ತುದಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ ಕೂರೋಕೆ ಒಪ್ಪಿದರು. "ಪೊರಕೆ ಅಲ್ಲೇ ಇದೆ, ಗುಡಿಸಿ ಹೋಗಿ" ಅಂದರು. ಆಲೂರಿನಲ್ಲಿ ಹೈಸ್ಕೂಲು, ಪಿಯುಸಿ ಓದುವ ಹುಡುಗಿಯರು ಬಸ್ಸಿಳಿದು ನಾಲ್ಕೂವರೆ ಹೊತ್ತಿಗೆ ಊರು ಸೇರುತ್ತಾರೆ. ಅದಕ್ಕೆ ಹೊಂದಿಸಿ ಶುಕ್ರವಾರ ಮುಕ್ಕಾಲು ಐದಕ್ಕೆ ಅಂತ ಇಟ್ಟುಕೊಂಡೆವು.

ತಾಯಂದಿರು ಕೇಳಿದ್ದು ಮೂರೇ ಪ್ರಶ್ನೆ. ಯಾರ್ಯಾರು ಬತ್ತಾರೆ? ಹುಡುಗ್ರು ಇರ್ತಾರಾ? ಎಷ್ಟೊತ್ತಿಗೆ ಬಿಡ್ತೀರ? ಮೂರನೆಯದನ್ನು ಎಲ್ಲರೂ ಎರಡೆರಡು ಸಲ ಕೇಳಿದರು. ಅದಕ್ಕೆ ಕಾರಣ ಆನೆ. ಆ ಕಡೆ ಕತ್ತಲಾದ ಮೇಲೆ ಓಡಾಟ ಇಲ್ಲ. ಕಾಫಿ ತೋಟದಿಂದ ತೋಟಕ್ಕೆ ಆನೆ ಹಿಂಡು ದಾಟುತ್ತಲೇ ಇರುತ್ತೆ. ಅರಣ್ಯ ಇಲಾಖೆಯಿಂದ ಮೊಬೈಲಿಗೆ ಮೆಸೇಜ್ ಬರುತ್ತೆ, ಆನೆ ಕಾರ್ಯಪಡೆಯವರ ಜೀಪು ಕೂಗಿ ಹೇಳಿ ಹೋಗುತ್ತೆ. ಒಬ್ಬ ತಾಯಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನೂ ಕೂತು ಬಿಡಿಸುತ್ತಾ ಹೇಳಿದೆ. "ಐದೂವರೆಗೆ ಬಿಡ್ತೀನಿ ಅಕ್ಕ. ಪ್ರತಿ ಶುಕ್ರವಾರ ನಾನೇ ಇರ್ತೀನಿ. ನಾನಿಲ್ದೆ ಮೀಟಿಂಗ್ ಇರಲ್ಲ."

ಹನ್ನೊಂದು ಮನೆಯಲ್ಲೂ ಇದೇ ಮಾತು ಹೇಳಿದೆ. ಸುಲಭವಾಗಿ ಬಂತು ಬಾಯಿಗೆ.

ಜಗಲಿ ಮೀಟಿಂಗ್ ಚೆನ್ನಾಗಿ ನಡೆಯಿತು. ಬ್ಯಾನರ್ ಕಟ್ಟೋಕೆ ಅಲ್ಲಿ ಮೊಳೆ ಇರಲಿಲ್ಲ, ಎರಡನೇ ವಾರದಿಂದ ತರುವುದನ್ನೇ ಬಿಟ್ಟೆ. ನಾವು ಹಿಡಿದ ಮೊದಲ ಕೆಲಸ ವಿದ್ಯಾರ್ಥಿವೇತನ. ದೊಡ್ಡ ವಿಷಯ ಅಂತ ಆರಿಸಿಕೊಂಡಿದ್ದಲ್ಲ. ಒಬ್ಬಳು ಅಳುತ್ತಾ ಬಂದಿದ್ದಳು, ಹೋದ ವರ್ಷದ ದುಡ್ಡು ಬಂದೇ ಇಲ್ಲ ಅಂತ. ಪೇಪರ್ ಎಲ್ಲಾ ಹರಡಿ ನೋಡಿದೆವು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರಲ್ಲಿ ಮುಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ. ಪಾಸ್‌ಬುಕ್ ಇದೆ, ಖಾತೆ ಇದೆ, ದುಡ್ಡು ಬರೋಕೆ ದಾರಿ ಇಲ್ಲ. ಉಳಿದವರದ್ದೂ ನೋಡಿದೆವು. ಹನ್ನೊಂದರಲ್ಲಿ ಆರು ಜನರದ್ದು ಏನಾದರೊಂದು ತಪ್ಪು. ನಾಡಕಚೇರಿಗೆ, ಬ್ಯಾಂಕಿಗೆ, ಆಧಾರ್ ಸೆಂಟರಿಗೆ ಯಾವ ದಿನ ಯಾರು ಹೋಗಬೇಕು ಅಂತ ಪಟ್ಟಿ ಮಾಡಿದರು. ಜೊತೆಗೆ ಹೋಗುತ್ತೇನೆ ಅಂತ ನಾನು ಎದ್ದು ನಿಂತಿದ್ದೆ. ಪಿಯುಸಿ ಹುಡುಗಿಯೊಬ್ಬಳು "ಬೇಡ ಅಕ್ಕ, ನಾವಿಬ್ಬಿಬ್ರು ಹೋಗ್ತೀವಿ, ಬಸ್ ಫ್ರೀ ಅಲ್ವಾ" ಅಂದಳು. ಇಬ್ಬಿಬ್ಬರೇ ಹೋದರು. ಮೂರು ಸಲ ಓಡಾಡಿಸಿದರು ಅಂತ ಬೈಕೊಂಡು ಬಂದರು. ಕೆಲಸ ಮಾತ್ರ ಆಗಿತ್ತು.

ಇದೇ ಪಿಯುಸಿ ಹುಡುಗಿ ಒಂದು ಲಾಂಗ್ ಬುಕ್ ಇಟ್ಟಳು. ನನ್ನ ಹಾಜರಿ ಪುಸ್ತಕ ಬೇರೆ, ಇದು ಅವರದ್ದು. ಪ್ರತಿ ಸಭೆಗೂ ನಾಲ್ಕು ಸಾಲು: ತಾರೀಖು, ಹಾಜರಿ, ಚರ್ಚಿಸಿದ ವಿಷಯ, ತೀರ್ಮಾನ. ಅಕ್ಷರ ಮುತ್ತಿನ ಹಾಗೆ. ಕೊನೇ ಪುಟದಲ್ಲಿ ದೊಡ್ಡದಾಗಿ 1098 ಅಂತ ಮಕ್ಕಳ ಸಹಾಯವಾಣಿ ನಂಬರ್ ಬರೆಸಿದ್ದೆ. ಅದು ಒಂದ್ಸಲ ಉಪಯೋಗಕ್ಕೆ ಬಂತು. ಯಾರಿಗೆ, ಯಾಕೆ ಅಂತ ಬರೆಯಲ್ಲ. ಊರಿನ ಹೆಸರು ಬೇಡ ಅಂದದ್ದು ಇದಕ್ಕೇ.

ಫೋಟೋ ವಿಷಯದಲ್ಲೂ ಒಂದು ಪಾಠ ಆಯಿತು. ಜಗಲಿಯಲ್ಲಿ ಕೂತ ಫೋಟೋ ಒಂದನ್ನು ನಾನು ಕಚೇರಿ ಗ್ರೂಪಿಗೆ ಹಾಕಿದ್ದೆ. ಅಲ್ಲಿಂದ ಯಾರೋ ಸ್ಟೇಟಸ್ ಇಟ್ಟರು. ಅದು ಸುತ್ತಿ ಸುತ್ತಿ ಒಬ್ಬ ಹುಡುಗಿಯ ಸೋದರಮಾವನ ಮೊಬೈಲಿಗೆ ಹೋಯಿತು. "ನಮ್ಮ ಹೆಣ್ಮಕ್ಕಳ ಫೋಟೋ ಹಾಕೋಕೆ ನಿಮಗೆ ಯಾರು ಹೇಳಿದ್ದು?" ಅಂತ ಫೋನು ಬಂತು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆಮೇಲಿಂದ ಹಿಂದಿನಿಂದ ತೆಗೆದ ಫೋಟೋ, ಇಲ್ಲಾ ಲಾಂಗ್ ಬುಕ್ಕಿನ ಪುಟದ ಫೋಟೋ ಕಳಿಸುತ್ತಿದ್ದೆ. "ಮುಖ ಕಾಣಲ್ವಲ್ಲ ಮೇಡಂ" ಅಂತ ಕಚೇರಿಯಲ್ಲಿ ಗೊಣಗುತ್ತಿದ್ದರು. ಗೊಣಗಲಿ ಅಂತ ಬಿಟ್ಟೆ.

ನವೆಂಬರಿನಲ್ಲಿ ಹಾಸನಾಂಬೆ ಬಾಗಿಲು ತೆಗೆದರು. ಆ ದಿನಗಳಲ್ಲಿ ಬಸ್ಸೆಲ್ಲಾ ತುಂಬಿ ತುಳುಕುತ್ತಿತ್ತು. ನಿಂತುಕೊಂಡೇ ಹೋಗಿ ಬಂದೆ, ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ಆಮೇಲೆ ಕಾಫಿ ಕೊಯ್ಲು. ರಜೆ ದಿನ ಹುಡುಗಿಯರೂ ಹಣ್ಣು ಬಿಡಿಸೋಕೆ ಹೋಗುತ್ತಿದ್ದರು. ಬೆರಳು ಕಪ್ಪಾಗಿರುತ್ತಿತ್ತು. ಹಾಗೆ ಡಿಸೆಂಬರ್ ಮುಗಿಯಿತು. ನನಗೆ ನನ್ನ ಮೇಲೇ ಸ್ವಲ್ಪ ಜಾಸ್ತಿ ನಂಬಿಕೆ ಬಂದಿತ್ತು ಅಂತ ಈಗ ಅನ್ನಿಸುತ್ತೆ.

ಜನವರಿ 12 ವಿವೇಕಾನಂದರು ಹುಟ್ಟಿದ ದಿನ. 1985ರಿಂದ ದೇಶದಲ್ಲಿ ರಾಷ್ಟ್ರೀಯ ಯುವ ದಿನ ಅಂತ ಆಚರಿಸುತ್ತಾರೆ. ಯುವಜನರ ಕೆಲಸ ಮಾಡುವವರಿಗೆ ವರ್ಷದ ಹಬ್ಬ ಅದು. 2024ರಲ್ಲಿ ಗದ್ದಲ ಇನ್ನೂ ಜಾಸ್ತಿ, ಅದೇ ದಿನ ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಕೊಡುತ್ತಿದ್ದರು. ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500. ಎಲ್ಲರ ಬಾಯಲ್ಲೂ ಅದೇ ಮಾತು. ನಮ್ಮ ಕಚೇರಿಯವರು ಹಾಸನದಲ್ಲಿ ಜಾಥಾ ಇಟ್ಟುಕೊಂಡರು. ಬುಧವಾರ ಸಂಜೆ ಹೇಳಿದರು: ನಿಮ್ಮ ತಾಲ್ಲೂಕಿನಿಂದ 30 ಜನ ಬರಬೇಕು.

12ನೇ ತಾರೀಖು ಶುಕ್ರವಾರ.

ಜಗಲಿ ಹುಡುಗಿಯರನ್ನು ಮನೆಯಲ್ಲಿ ಹಾಸನಕ್ಕೆ ಕಳಿಸಲ್ಲ ಅಂತ ಗೊತ್ತಿತ್ತು. ಬೇರೆ ಊರುಗಳಿಂದ 26 ಹುಡುಗರನ್ನು ಹೊಂದಿಸಿದೆ. ಟೆಂಪೋ, ತಿಂಡಿ, ಟೋಪಿ ಅಂತ ಗುರುವಾರ ಪೂರ್ತಿ ಹೋಯಿತು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ, ಜಾಥಾ ಶುರುವಾಗುವ ಹೊತ್ತಿಗೆ, ನೆನಪಾಗಿ ಊರಿನ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ. 'ಇವತ್ತು ಸಭೆ ಇರುವುದಿಲ್ಲ, ಮುಂದಿನ ವಾರ ಸೇರೋಣ'. ಕೆಳಗೆ ಕೈ ಮುಗಿಯುವ ಚಿತ್ರ.

ಆ ಗ್ರೂಪಿನಲ್ಲಿ 14 ನಂಬರ್ ಇದ್ದವು. ಒಂಬತ್ತು ಅಪ್ಪಂದಿರದ್ದು, ಮೂರು ಅಣ್ಣಂದಿರದ್ದು, ಒಂದು ಅಂಗನವಾಡಿ ಟೀಚರದ್ದು, ಒಂದು ನನ್ನದು. ಹುಡುಗಿಯರ ಕೈಯಲ್ಲಿ ಫೋನು ಒಂದೂ ಇರಲಿಲ್ಲ. ಇದು ನನಗೆ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ. ಗ್ರೂಪ್ ಮಾಡಿದ್ದೇ ನಾನು. ಅಂಗನವಾಡಿ ಟೀಚರ್ ಅವತ್ತು ತವರಿಗೆ ಹೋಗಿದ್ದರು.

ಜಾಥಾ ಚೆನ್ನಾಗಿ ಆಯಿತು. ತಮಟೆ, ಘೋಷಣೆ, ಎಲ್ಲರಿಗೂ ಹಳದಿ ಟೋಪಿ. ಸಂಜೆ ವರದಿಯಲ್ಲಿ 'ಭಾಗವಹಿಸಿದವರು: 212' ಅಂತ ಟೈಪ್ ಮಾಡಿ ಕಳಿಸಿದೆ. ಅವತ್ತಿನ 212 ನಿಜವಾದ ಲೆಕ್ಕ, ನಾನೇ ಟೋಪಿ ಎಣಿಸಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಬೋಂಡ ತಿಂದು ಮನೆಗೆ ಹೋಗಿ ಮಲಗಿದೆ.

ಮುಂದಿನ ಶುಕ್ರವಾರ ಜಗಲಿಗೆ ಹೋದರೆ ಮೂವರೇ ಇದ್ದರು. ಮಾತು ಹೊರಡಲಿಲ್ಲ. ಬರೆಯುವ ಹುಡುಗಿ ಲಾಂಗ್ ಬುಕ್ಕನ್ನು ನನ್ನ ಕಡೆ ತಳ್ಳಿ ಪೊರಕೆ ತಗೊಂಡು ಗುಡಿಸೋಕೆ ಹೋದಳು. ಜಗಲಿ ಆಗಲೇ ಗುಡಿಸಿ ಆಗಿತ್ತು. ನಾನು ಪುಟ ತಿರುಗಿಸಿದೆ.

'12-01-2024, ಶುಕ್ರವಾರ. ಹಾಜರಿ: 11. ಅಕ್ಕ ಗೈರು. ಚರ್ಚಿಸಿದ ವಿಷಯ: ಅಕ್ಕ ಬರುತ್ತಾರೋ ಇಲ್ಲವೋ. ತೀರ್ಮಾನ: ಬರಲಿಲ್ಲ.'

ಕೆಳಗೆ ಹನ್ನೊಂದು ಸಹಿ. ಎಲ್ಲವೂ ಬೇರೆ ಬೇರೆ ಕೈ ಬರಹ.

ಏನಾಯಿತು ಅಂತ ಆಮೇಲೆ ತಿಳಿಯಿತು. ನಾನು ಬರುವ ಬಸ್ಸು ತಡವಾಗಿರಬೇಕು ಅಂತ ಆರೂ ಕಾಲಿನವರೆಗೆ ಕಾದಿದ್ದಾರೆ. 'ನಾನಿಲ್ದೆ ಮೀಟಿಂಗ್ ಇರಲ್ಲ' ಅಂದಿದ್ದೆನಲ್ಲ, ಹಾಗಾದ್ರೆ ಬಂದೇ ಬರ್ತಾರೆ ಅಂದುಕೊಂಡಿದ್ದಾರೆ. ಆ ಸಂಜೆ ಪಕ್ಕದ ತೋಟಕ್ಕೆ ಆನೆ ಬಂದಿದೆ ಅಂತ ಮೆಸೇಜ್ ಬಂದಿತ್ತು. ಅದು ಕೂಡ ಅಪ್ಪಂದಿರ ಫೋನಿಗೆ. ಅವರೆಕಾಯಿ ಬಿಡಿಸುತ್ತಿದ್ದ ಆ ತಾಯಿ ಟಾರ್ಚ್ ಹಿಡಿದು, ಇನ್ನಿಬ್ಬರನ್ನು ಕರೆದುಕೊಂಡು ಬಂದು, ಎಲ್ಲರನ್ನೂ ಮನೆ ಮನೆಗೆ ಮುಟ್ಟಿಸಿದ್ದಾರೆ. ಆನೆ ಈ ಕಡೆ ಬರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಅದನ್ನು ನಾನು ನೂರು ಸಲ ನನಗೇ ಹೇಳಿಕೊಂಡಿದ್ದೇನೆ.

ಮೊದಲು ಆ ತಾಯಿಯ ಮನೆಗೇ ಹೋದೆ. ಕೂತ್ಕೊಳಿ ಅನ್ನಲಿಲ್ಲ. ಕೊಟ್ಟಿಗೆ ಬಾಗಿಲಲ್ಲಿ ನಿಂತೇ ಮಾತಾಡಿದರು.

"ಬರಾಕಾಗಲ್ಲ ಅಂದ್ರೆ ಆಗಲ್ಲ ಅನ್ಬೇಕು ಕಣವ್ವ. ನಾವೇನ್ ನಿಮ್ಮನ್ನ ಬನ್ನಿ ಅಂತ ಕರೆದಿದ್ವಾ? ನೀವೇ ಬಂದ್ರಿ. ಬತ್ತೀನಿ ಅಂತ ನೀವೇ ಅಂದ್ರಿ."

"ಗ್ರೂಪಿಗೆ ಮೆಸೇಜ್..." ಅಂತ ಶುರು ಮಾಡಿದೆ.

"ಅದೇನ್ ಮೆಸೇಜೋ ನಮಗೆ ಗೊತ್ತಿಲ್ಲ. ಅವರಪ್ಪ ರಾತ್ರಿ ನೋಡುದ್ರು."

ತಪ್ಪಾಯಿತು ಅಂದೆ. ಅವರು ತಲೆ ಆಡಿಸಲೂ ಇಲ್ಲ. ಹಸುವಿಗೆ ಹಿಂಡಿ ಕಲಸೋಕೆ ಹೋದರು. ಉಳಿದ ಹತ್ತು ಮನೆಗೂ ಅವತ್ತೇ ಹೋಗಿ ಮುಗಿಸಬೇಕು ಅಂತಿದ್ದೆ. ನಾಲ್ಕು ಮನೆ ಆಗುವಷ್ಟರಲ್ಲಿ ಕೊನೇ ಬಸ್ಸಿನ ಹೊತ್ತಾಯಿತು. ಉಳಿದದ್ದು ಎರಡು ವಾರ ಹಿಡಿಯಿತು. ಬೈದವರ ಮನೆಯಲ್ಲಿ ಕಾಫಿ ಸಿಕ್ಕಿತು. "ಪರವಾಗಿಲ್ಲ ಬಿಡಿ ಮೇಡಂ" ಅಂದವರ ಮನೆಯ ಹುಡುಗಿಯರು ಮಾತ್ರ ಮತ್ತೆ ಬರಲೇ ಇಲ್ಲ.

ಕಚೇರಿಯಲ್ಲಿ ಹೇಳಿದೆ. "ಒಂದು ದಿನ ತಾನೆ, ಬಿಡಿ. ಜಾಥಾ ಚೆನ್ನಾಗಿ ಬಂದಿದೆ" ಅಂದರು. ಅವರ ಮೇಲೆ ಹೊರಿಸುವ ಮಾತಲ್ಲ ಇದು. ಬುಧವಾರ ಸಂಜೆಯೇ "ಶುಕ್ರವಾರ ನನಗೆ ಆಗಲ್ಲ" ಅನ್ನಬಹುದಿತ್ತು. ಅನ್ನಲಿಲ್ಲ. ಜಾಥಾದಲ್ಲಿ ದೊಡ್ಡವರೆಲ್ಲ ಬರುತ್ತಾರೆ, ಕಾಣಿಸಿಕೊಳ್ಳಬೇಕು ಅನ್ನೋ ಆಸೆ ನನಗೂ ಇತ್ತು. ಜಗಲಿಯಲ್ಲಿ ಯಾರು ನೋಡುತ್ತಾರೆ?

ಆ ತಿಂಗಳ ವರದಿಯಲ್ಲಿ ನಾನೇ ಕೈಯಲ್ಲಿ ಗೆರೆ ಎಳೆದು ಒಂದು ಕಾಲಂ ಸೇರಿಸಿದೆ: 'ಹೇಳಿ ನಡೆಸದ ಸಭೆಗಳು'. ಅದರಲ್ಲಿ 1 ಅಂತ ಬರೆದೆ. ಇದು ಯಾಕೆ, ಫಾರ್ಮ್ಯಾಟಿನಲ್ಲಿ ಇಲ್ಲವಲ್ಲ ಅಂತ ಕೇಳಿದರು. ಮುಂದಿನ ತಿಂಗಳೂ ಎಳೆದೆ. ಆಮೇಲೆ ಕೇಳುವುದನ್ನು ಬಿಟ್ಟರು.

ಏರ್ಪಾಡನ್ನೂ ಬದಲಾಯಿಸಿದೆವು. ನಾನು ಬರಲ್ಲ ಅಂದರೆ ಗುರುವಾರ ಸಂಜೆ ಡೈರಿ ಹೊತ್ತಿಗೇ ಅಂಗನವಾಡಿ ಟೀಚರಿಗೆ, ಅವರಿಲ್ಲದಿದ್ದರೆ ಡೈರಿ ಸೆಕ್ರೆಟರಿಗೆ ಫೋನು ಮಾಡಬೇಕು. ಹಾಲು ಹಾಕೋಕೆ ಬಂದ ತಾಯಂದಿರಿಗೆ ಅಲ್ಲೇ ಬಾಯಲ್ಲಿ ಹೇಳಿ ಕಳಿಸಬೇಕು. ಐದು ಗಂಟೆವರೆಗೆ ನಾನು ಕಾಣಿಸಲಿಲ್ಲ ಅಂದ್ರೆ ಕಾಯದೆ ಮನೆಗೆ ಹೋಗಬೇಕು. ಈ ಕೊನೇ ನಿಯಮ ಹೇಳಿದ್ದು ಹುಡುಗಿಯರು. ಲಾಂಗ್ ಬುಕ್ಕಿನಲ್ಲಿ 'ತೀರ್ಮಾನ' ಅನ್ನೋ ಕಡೆ ಕೆಂಪು ಇಂಕಿನಲ್ಲಿ ಬರೆದುಕೊಂಡರು.

ಫೆಬ್ರವರಿಯ ಹಾಜರಿ ಹೀಗಿದೆ: 3, 4, 4, 6. ಮೂವರೇ ಇದ್ದ ದಿನ ನನ್ನ ಪುಸ್ತಕದಲ್ಲೂ 3 ಅಂತಲೇ ಬರೆದೆ.

ಆರು ಆಗಿದ್ದು ಹೇಗೆ ಅಂದರೆ, ಒಬ್ಬಳು ಕೇಳಿದಳು, "ಅಕ್ಕ, ನಮ್ಮ ಅತ್ತಿಗೆನೂ ಬರಬಹುದಾ?" ಅತ್ತಿಗೆಗೆ 21 ವರ್ಷ. ಅರಕಲಗೂಡು ಕಡೆಯಿಂದ ಮದುವೆಯಾಗಿ ಬಂದವರು, ಕಂಕುಳಲ್ಲಿ ಒಂದು ಮಗು. ನಾನು ಎಂಟು ತಿಂಗಳಿಂದ ಆ ಊರಿನಲ್ಲಿ 'ಯುವಜನರನ್ನು' ಹುಡುಕುತ್ತಿದ್ದೆ. ಇಂಥ ಸೊಸೆಯಂದಿರ ಕೈಯಲ್ಲೇ ಎಷ್ಟೋ ಮನೆಯಲ್ಲಿ ನೀರು ಈಸಿಕೊಂಡು ಕುಡಿದಿದ್ದೆ. ಇವರೂ 29ರ ಒಳಗಿನವರೇ ಅಂತ ಒಂದು ಸಲವೂ ಹೊಳೆದಿರಲಿಲ್ಲ. ಮದುವೆಯಾದರೆ ಹುಡುಗಿ ಹೆಂಗಸಾಗುತ್ತಾಳೆ. ಹುಡುಗ ಮಾತ್ರ 47ಕ್ಕೂ ಯುವಕ ಮಂಡಲದ ಅಧ್ಯಕ್ಷನಾಗಿರುತ್ತಾನೆ.

ಆ ಅತ್ತಿಗೆ ಬಂದ ಮೇಲೆ ಇನ್ನಿಬ್ಬರು ಸೊಸೆಯಂದಿರು ಬಂದರು. ಅತ್ತೆಯಂದಿರನ್ನು ಒಪ್ಪಿಸಿದ್ದು ನಾನಲ್ಲ, ಟಾರ್ಚ್ ಹಿಡಿದು ಬಂದಿದ್ದ ಆ ತಾಯಿ. ಡೈರಿಯಲ್ಲಿ ನಿಂತು, "ಹೋಗ್ಲಿ ಬಿಡಿ, ಐದೂವರೆಗೆ ಬಿಡ್ತಾರೆ" ಅಂದರಂತೆ. ನನ್ನ ಮುಂದೆ ಮಾತ್ರ ಮುಖ ಬಿಗಿಯೇ.

ಸೊಸೆಯಂದಿರಿಗೆ ಬೇಕಾಗಿದ್ದು ಬೇರೆಯೇ ಕೆಲಸ. ಓಟು ಇನ್ನೂ ತವರು ಮನೆಯ ಪಟ್ಟಿಯಲ್ಲೇ ಇತ್ತು. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬದಲಾಯಿಸೋಕೆ ಫಾರಂ 8 ಹಾಕಬೇಕು. ಹೊಸದಾಗಿ 18 ತುಂಬುವವರಿಗೆ ಫಾರಂ 6. ಮೊದಲು ಜನವರಿ 1ಕ್ಕೆ 18 ತುಂಬಿರಬೇಕು ಅನ್ನೋ ಒಂದೇ ಲೆಕ್ಕ ಇತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ ಒಂದನೇ ತಾರೀಖು ಲೆಕ್ಕಕ್ಕೆ ಬರುತ್ತೆ. ನಮ್ಮ ಜಗಲಿಯಲ್ಲಿ ಬರೆಯುವ ಹುಡುಗಿಗೂ ಇನ್ನೊಬ್ಬಳಿಗೂ ಏಪ್ರಿಲ್ 1ರ ಒಳಗೆ 18 ತುಂಬುತ್ತಿತ್ತು. ಮೂರು ಫಾರಂ 8, ಎರಡು ಫಾರಂ 6. ಮಾರ್ಚ್ ಮೊದಲ ವಾರ ಎಲ್ಲವನ್ನೂ ಹಾಕಿ ಮುಗಿಸಿದೆವು. ಒಬ್ಬರ ಫೋಟೋ ಅಪ್‌ಲೋಡ್ ಆಗದೆ ಜಗಲಿ ಬಿಟ್ಟು ನೆಟ್‌ವರ್ಕ್ ಹುಡುಕುತ್ತಾ ದಿಬ್ಬ ಹತ್ತಿದ್ದು ಬೇರೆ. ಮಗುವನ್ನು ನಾನು ಎತ್ತಿಕೊಂಡಿದ್ದೆ. ನನ್ನ ವೇಲಿನ ತುಂಬ ಬಿಸ್ಕತ್ ಅಂಟಿಸಿತು.

ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಹಾಸನಕ್ಕೆ ಏಪ್ರಿಲ್ 26. ಕ್ಯಾಲೆಂಡರ್ ನೋಡಿದರೆ ಅದು ಶುಕ್ರವಾರ. ಊರಿನ ಮತಗಟ್ಟೆ ನಮ್ಮ ಜಗಲಿ ಇರುವ ಶಾಲೆಯೇ.

19ನೇ ತಾರೀಖಿನ ಸಭೆಯಲ್ಲಿ ನಾನು ಬಾಯಿ ತೆರೆದದ್ದೇ ಅದಕ್ಕೆ. "ಮುಂದಿನ ವಾರ ಓಟು, ಮೀಟಿಂಗ್ ಇರಲ್ಲ. ನಾನೂ ಹಾಸನದಲ್ಲಿ ಓಟು ಹಾಕಬೇಕು." ಗೊತ್ತು ಅಕ್ಕ, ಗೊತ್ತು ಅಂತ ಎಲ್ಲರೂ ನಕ್ಕರು. ಆದರೂ ಗುರುವಾರ ಸಂಜೆ ಡೈರಿ ಸೆಕ್ರೆಟರಿಗೆ ಫೋನು ಮಾಡಿದೆ. "ಓಟಿನ ದಿನ ಮೀಟಿಂಗ್ ಇರಲ್ಲ ಅಂತ ಹೇಳಿ ಅಣ್ಣ" ಅಂದರೆ ಅವರಿಗೂ ನಗು. "ಇದನ್ನೂ ಹೇಳ್ಬೇಕಾ ಮೇಡಂ?"

ಮೇ ಮೊದಲ ಶುಕ್ರವಾರ ಜಗಲಿಗೆ ಹೋದಾಗ ಒಂಬತ್ತು ಜನ ಇದ್ದರು. ಬರೆಯುವ ಹುಡುಗಿಯ ಎಡಗೈ ತೋರುಬೆರಳ ಮೇಲೆ ಶಾಯಿ ಇನ್ನೂ ಹಾಗೇ ಇತ್ತು. ಲಾಂಗ್ ಬುಕ್ ತೆಗೆದು ಕೊಟ್ಟಳು. ಸಭೆಯೇ ಇಲ್ಲದ ವಾರಕ್ಕೂ ಒಂದು ನಮೂದು ಹಾಕಿದ್ದಳು.

'26-04-2024, ಶುಕ್ರವಾರ. ಶಾಲೆಯಲ್ಲಿ ಓಟು. ಸಭೆ ಇಲ್ಲ. ಅಕ್ಕ ಮೊದಲೇ ಹೇಳಿದ್ದರು.'